ಊಟದ ಮನೆ, ಆಸರಿಗೆಯ ಮನೆ

ಆಗಸ್ಟ್ ನಡುವಿನ ಸೋಣ ಸಂಕ್ರಮಣದ ಮರುದಿನ, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಸುಳ್ಯದಲ್ಲಿರುವ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅಷ್ಟರೊಳಗೆ ಅರ್ಧವಾದರೂ ಮುಗಿಯಬೇಕು.

ಮೂವತ್ತಮೂರು ವರ್ಷದವನು ತನ್ನನ್ನು ನಿವೃತ್ತ ಎಂದು ಕರೆದುಕೊಂಡರೆ ಜನ ನಗುತ್ತಾರೆ. ಆದರೆ ಯಾರ ಹಿಂದೆ ಕೆಲಸ ಮಾಡುತ್ತಿದ್ದೆವೋ ಅವರೇ ರಾಜಕೀಯದಿಂದ ನಿವೃತ್ತರಾದ ಮೇಲೆ ನಾವು ಬೇರೆ ಏನಾಗಲು ಸಾಧ್ಯ? ನಾನು ಒಬ್ಬ ರಾಜಕಾರಣಿಯ ಪ್ರವಾಸ ನೋಡಿಕೊಳ್ಳುತ್ತಿದ್ದೆ. ಅವರ ಹೆಸರು, ಪಕ್ಷ, ಹುದ್ದೆ ಯಾವುದನ್ನೂ ಬರೆಯುವುದಿಲ್ಲ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಅಣ್ಣ ಎಂದೇ ಇರಲಿ. ಈಗ ಪುತ್ತೂರು, ಸುಳ್ಯ, ಕಡಬದ ಕಡೆ ಡಿಗ್ರಿ ಮುಗಿಸಿದ ಹುಡುಗರು ಇಂಥ ಕೆಲಸಕ್ಕೆ ಸೇರುವುದು ಹೆಚ್ಚಾಗಿದೆ. ಕೆಲಸ ಎಂದರೆ ಕಾರಿನಲ್ಲಿ ಓಡಾಡುವುದು, ಫೋಟೋದಲ್ಲಿ ನಿಲ್ಲುವುದು ಎಂದು ಅವರು ತಿಳಿದುಕೊಂಡಿದ್ದಾರೆ. ಅವರಿಗಾಗಿ ಇದು.

ಅಣ್ಣನ ತಿರುಗಾಟ ಹೆಚ್ಚಾಗಿ ಕೃಷಿಕರ ನಡುವೆ. ಅಡಿಕೆ ಬೆಳೆಗಾರರ ಸಭೆ, ಸಹಕಾರಿ ಸಂಘದ ಮಹಾಸಭೆ, ಕೃಷಿ ಯಂತ್ರ ಮೇಳ, ಹಲಸು ಮೇಳ, ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕದ ಉದ್ಘಾಟನೆ. ಬೆಳಿಗ್ಗೆ ವೇದಿಕೆಯಲ್ಲಿ ಹಳದಿ ಎಲೆ ರೋಗದ ಬಗ್ಗೆ ಮಾತಾಡುವುದು, ಮಧ್ಯಾಹ್ನ ಅದೇ ಊರಿನ ಒಬ್ಬ ಕೃಷಿಕರ ಮನೆಯಲ್ಲಿ ಊಟ ಮಾಡುವುದು, ಊಟದ ನಂತರ ಅದೇ ಮನೆಯ ಚಾವಡಿಯಲ್ಲಿ ಹತ್ತಿಪ್ಪತ್ತು ಜನ ಕೂತು ಪಕ್ಷದ ನಿಧಿಯ ಮಾತು ಆಡುವುದು. ಹಾಗಾಗಿ ಊಟ ಯಾರ ಮನೆಯಲ್ಲಿ ಎಂಬುದೇ ನನ್ನ ಕೆಲಸದ ಮುಖ್ಯ ಪ್ರಶ್ನೆ. ಭಾಷಣದ ಹೊತ್ತು ಹತ್ತು ನಿಮಿಷ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಊಟದ ಮನೆ ತಪ್ಪಿದರೆ ಒಂದು ಊರೇ ತಪ್ಪುತ್ತದೆ.

ಹೊಟ್ಟೆ ಒಂದು, ಕರೆಯುವ ಮನೆ ಹತ್ತು. ಉಳಿದ ಒಂಬತ್ತು ಮನೆಗಳಿಗೆ ಆಸರಿಗೆ ಇದೆ. ನಮ್ಮ ಕಡೆ ಮನೆಗೆ ಬಂದವರನ್ನು "ಆಸರಿಗೆ ಎಂತ ಆಗಬಹುದು?" ಎಂದು ಕೇಳದೆ ಕೂರಿಸುವುದಿಲ್ಲ. ಬೆಲ್ಲ ನೀರು, ಮಜ್ಜಿಗೆ, ಎಳನೀರು, ಪುನರ್ಪುಳಿ ಶರಬತ್ತು, ಏನಾದರೊಂದು ಬಾಯಿಗೆ ಹಾಕಿಕೊಂಡರೆ ಬಂದದ್ದು ಬಂದ ಹಾಗೆ ಲೆಕ್ಕ. ನನ್ನ ಡೈರಿಯಲ್ಲಿ ಪ್ರತಿ ಮನೆಯ ಎದುರು ಒಂದು ಅಕ್ಷರ ಇರುತ್ತಿತ್ತು. ಊ ಎಂದರೆ ಊಟ, ಆ ಎಂದರೆ ಆಸರಿಗೆ. ಯಾವ ಮನೆಗೆ ಯಾವ ಅಕ್ಷರ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲ ಎಡವಟ್ಟು ಆದದ್ದು ಪುತ್ತೂರಿನಿಂದ ಸ್ವಲ್ಪ ಒಳಗೆ. ಬೆಳೆಗಾರರ ಸಭೆ ಇತ್ತು. ಅಲ್ಲಿ ನಮ್ಮ ಪಕ್ಷಕ್ಕೆ ಮೂರು ತಲೆಮಾರಿನಿಂದ ಗಟ್ಟಿಯಾಗಿ ನಿಂತ ಹಿರಿಯರೊಬ್ಬರಿದ್ದರು. ಮರ್ಯಾದೆ ಅವರಿಗೇ ಸಲ್ಲಬೇಕು ಎಂದು ಊಟ ಅವರ ಮನೆಗೆ ಹಾಕಿದೆ. ಪಕ್ಕದ ತೋಟದವರಿಗೆ ಆಸರಿಗೆ. ಆ ಪಕ್ಕದವರು ಅದಾಗಲೇ ಆಚೆ ಪಕ್ಷದ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬಂದವರು. ನನಗೆ ಗೊತ್ತಿರಲಿಲ್ಲ. ಅಣ್ಣ ಅವರ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು ಎದ್ದರು. ಮುಂದಿನ ವಾರ ಆ ಮನೆಯವರು ಆಚೆ ಪಕ್ಷದ ಮುಂದಿನ ಸಾಲಿಗೆ ಹೋದರು.

ಅಣ್ಣ ಬೈಯಲಿಲ್ಲ. ಅವರು ಬೈಯುವ ಜನ ಅಲ್ಲ. ಕಾರು ಸವಣೂರು ದಾಟುವಾಗ ಹಿಂದೆ ತಿರುಗಿ ಹೇಳಿದರು: "ನೋಡು ದಿನೇಶ, ಗಟ್ಟಿ ಇದ್ದವರ ಮನೆಯಲ್ಲಿ ನೀರು ಕುಡಿದ್ರೆ ಸಾಕು. ಅಲ್ಲಾಡುವವರ ಮನೆಯಲ್ಲಿ ಉಣ್ಬೇಕು. ಒಮ್ಮೆ ಬಡಿಸಿದ ಕೈ ಮತ್ತೆ ಅಷ್ಟು ಸುಲಭಕ್ಕೆ ತಿರುಗುದಿಲ್ಲ."

ಅಂದಿನಿಂದ ನಾನು ಹಾಗೆಯೇ ಮಾಡಿದೆ. ಗಟ್ಟಿ ಮನೆಗಳ ಯಜಮಾನರು ನನ್ನ ಮೇಲೆ ಮುನಿಸಿಕೊಂಡರು. ಒಬ್ಬರಂತೂ ಪ್ರತಿ ಸಲ ನನ್ನನ್ನು ಕಂಡಾಗ, ನಿಮ್ಮ ಅಣ್ಣ ನಮ್ಮ ಬಾವಿಯ ನೀರಿನ ರುಚಿ ಚೆನ್ನಾಗಿ ಬಲ್ಲರು, ಅನ್ನದ ರುಚಿ ಮಾತ್ರ ಗೊತ್ತಿಲ್ಲ ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಮೇಲಿನಿಂದ ಬರುವ ನಾಯಕರನ್ನು ಸಂಭಾಳಿಸುವುದು ಬೇರೆಯೇ ಕೆಲಸ. ಒಮ್ಮೆ ರಾಜ್ಯ ಮಟ್ಟದ ನಾಯಕರೊಬ್ಬರು ರೈಲಿನಲ್ಲಿ ನೆಟ್ಟಣಕ್ಕೆ ಬಂದಿಳಿದರು. ನಿಧಿ ಸಂಗ್ರಹದ ಸಭೆಗೆಂದೇ ಬಂದವರು. ಸಭೆಗೆ ಮೊದಲು ಮೂರು ಮನೆಗಳಿಗೆ ಹೋಗುವುದೆಂದು ನಾನು ಹಾಕಿದ್ದೆ. ಅವರಿಗೆ ಶುಗರ್ ಇತ್ತು. ಮೊದಲ ಮನೆಯಲ್ಲಿ ಬೆಲ್ಲ ನೀರು ತಂದರೆ ಬೇಡ ಎಂದರು. ಎರಡನೆಯದರಲ್ಲಿ ಶರಬತ್ತು ಬೇಡ. ಮೂರನೆಯದರಲ್ಲಿ ಎಳನೀರು ಕೂಡ ಬೇಡ. ಪ್ರತಿ ಮನೆಯವರೂ, ಇವರು ಉಳಿದ ಎರಡು ಮನೆಗಳಿಗಾಗಿ ನಮ್ಮ ಮನೆಯದ್ದನ್ನು ಬೇಡ ಎಂದರು ಎಂದೇ ತಿಳಿದರು. ಸಂಜೆಯ ಸಭೆಯಲ್ಲಿ ಆ ಮೂವರೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಕೈ ಕಟ್ಟಿಕೊಂಡೇ ಇದ್ದರು. ಹೊಸಬರಿಗೆ ನನ್ನ ಮಾತು ಇಷ್ಟೇ. ಮೇಲಿನವರು ಕಾರು ಇಳಿಯುವ ಮೊದಲೇ ಹೇಳಿಬಿಡಿ: ಮಜ್ಜಿಗೆಯನ್ನಾದರೂ ಒಂದು ಗುಟುಕು ಕುಡಿಯಲೇಬೇಕು.

ಕ್ರಮಗಳು ಬದಲಾದವು. ನಾನು ಸೇರಿದಾಗ ಒಂದು ಕಾರ್ಯಕ್ರಮ ನಿಗದಿಯಾಗಬೇಕಾದರೆ ಸಂಘದ ಕಾರ್ಯದರ್ಶಿಯ ಮನೆಗೆ ಹೋಗಿ, ಚಾವಡಿಯಲ್ಲಿ ಕೂತು, ಅಡಿಕೆಯ ಧಾರಣೆ, ಮಗಳ ಮದುವೆ, ಮಂಗನ ಕಾಟ ಎಲ್ಲ ಮಾತಾಡಿ ಬರಬೇಕಿತ್ತು. ಆಮೇಲೆ ವಾಟ್ಸಾಪ್ ಬಂತು. ಅದರ ಜೊತೆಗೆ ಸಂದೇಶ ಬಂದ.

ಸಂದೇಶ ಪೆರಾಬೆಯ ಹುಡುಗ. ನನಗಿಂತ ಐದು ವರ್ಷ ಚಿಕ್ಕವನು. ಅವನನ್ನು ನಾನು ಮೊದಲು ಕಂಡದ್ದು ಸುಳ್ಯದ ಬಳಿ ನಡೆದ ಪಕ್ಷದ ಒಂದು ಏಲಂನಲ್ಲಿ. ನಿಧಿಗೆ ನೇರವಾಗಿ ಕೊಡಲು ಮನಸ್ಸಿಲ್ಲದವರು ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ ತಂದು ಒಪ್ಪಿಸುತ್ತಾರೆ. ಅದನ್ನು ಸೇರಿದವರ ನಡುವೆ ಕೂಗಿ ಮಾರುವುದು. ದೇವಸ್ಥಾನದಲ್ಲಿ, ಇಗರ್ಜಿಯಲ್ಲಿ ಮಾಡುವ ಕ್ರಮವೇ. ಆ ದಿನ ಏಲಂ ಕೂಗಬೇಕಾದವರ ಗಂಟಲು ಕಟ್ಟಿತ್ತು. ಹಿಂದಿನಿಂದ ಸಂದೇಶ ಎದ್ದು ಬಂದ. ಒಂದು ಕುಂಬಳಕಾಯಿ ಎತ್ತಿ ಹೆಗಲ ಮೇಲೆ ಇಟ್ಟುಕೊಂಡ.

"ಇದು ಬರೀ ಕುಂಬಳಕಾಯಿ ಅಲ್ಲ ಮಾರಾಯ್ರೆ," ಎಂದ. "ಇದನ್ನು ತಗೊಂಡವರ ಫೋನನ್ನು ಅಣ್ಣ ಒಂದೇ ರಿಂಗಿಗೆ ಎತ್ತುತ್ತಾರೆ. ಎರಡನೇ ರಿಂಗಿಗೆ ಎತ್ತಿದ್ರೆ ಕಾಯಿ ವಾಪಸ್."

ಜನ ಬಿದ್ದು ಬಿದ್ದು ನಕ್ಕರು. ಅವನು ಬಿಡಲಿಲ್ಲ. ತುಳುವಿನಲ್ಲಿ ಒಬ್ಬರನ್ನು ಕೆಣಕಿದ, ಬ್ಯಾರಿ ಭಾಷೆಯಲ್ಲಿ ಇನ್ನೊಬ್ಬರನ್ನು, ಮಲಯಾಳದಲ್ಲಿ ಮತ್ತೊಬ್ಬರನ್ನು. ನಮ್ಮ ಅರೆಭಾಷೆಯಲ್ಲಿ ಕೂಡ ಎರಡು ಮಾತು ಆಡಿದ. ಅದು ಅವನ ಮನೆಮಾತೇ ಅಲ್ಲ. ಅಣ್ಣ ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಅಷ್ಟು ವರ್ಷ ಅವರ ಜೊತೆಗಿದ್ದು ನಾನು ಅವರನ್ನು ಒಮ್ಮೆಯೂ ಹಾಗೆ ನಗಿಸಿರಲಿಲ್ಲ. ನಗಿಸುವುದು ನನ್ನ ಕೆಲಸವೂ ಆಗಿರಲಿಲ್ಲ. ಆದರೂ ಆ ದಿನ ಊಟ ನನಗೆ ರುಚಿಸಲಿಲ್ಲ.

ತಿಂಗಳೊಳಗೆ ಸಂದೇಶ ನಮ್ಮ ಕಾರಿನಲ್ಲಿದ್ದ. ಅವನ ಕೆಲಸ ಫೋಟೋ, ವಿಡಿಯೋ, ಮತ್ತೆ ಭಾಷಣಕ್ಕೆ ಎರಡು ತಮಾಷೆ. ಅದುವರೆಗೆ ಅಣ್ಣ ಕೂರುತ್ತಿದ್ದದ್ದು ಮುಂದೆ, ಡ್ರೈವರ್ ಲೋಕಣ್ಣನ ಪಕ್ಕದಲ್ಲಿ. ನಾನು ಹಿಂದೆ, ಫೈಲು ಹಿಡಿದುಕೊಂಡು. ಸಂದೇಶನ ಮೊಬೈಲು ನೋಡಬೇಕೆಂದು ಅಣ್ಣ ಹಿಂದಿನ ಸೀಟಿಗೆ ಬಂದರು. ನಾನು ಮುಂದೆ ಹೋದೆ. ದಾರಿಯಲ್ಲಿ ಕಂಡವರು, ಏನು ದಿನೇಶ, ಮುಂದಿನ ಸೀಟು ಸಿಕ್ಕಿತಲ್ಲ ಎಂದು ಹೊಗಳಿದರು. ಹೊಸಬರೇ, ಸೀಟು ನೋಡಿ ಮೋಸ ಹೋಗಬೇಡಿ. ಮಾತು ಎಲ್ಲಿ ನಡೆಯುತ್ತದೆ ಎಂದು ನೋಡಿ. ನನ್ನ ಬೆನ್ನ ಹಿಂದೆ ಅವರಿಬ್ಬರು ನಗುವುದು ಕೇಳುತ್ತಿತ್ತು. ಯಾಕೆಂದು ತಿರುಗಿ ಕೇಳಲು ನನಗೆ ಮನಸ್ಸಾಗುತ್ತಿರಲಿಲ್ಲ. ಲೋಕಣ್ಣ ಕನ್ನಡಿಯಲ್ಲಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಗೇರು ಬದಲಿಸುತ್ತಿದ್ದ.

ಇನ್ನು ನನ್ನ ಮನೆಯ ವಿಷಯ ಹೇಳಬೇಕು. ನಮ್ಮದು ಆಲೆಟ್ಟಿ. ಮನೆಯಲ್ಲಿ ಅಮ್ಮ, ನನ್ನ ಒಡಹುಟ್ಟಿದ ಅಣ್ಣ, ಅತ್ತಿಗೆ. ಅತ್ತಿಗೆಯ ಅಡುಗೆಗೆ ಊರಲ್ಲಿ ಹೆಸರಿದೆ. ಅಮ್ಮ ಮದುವೆ, ಗೃಹಪ್ರವೇಶದಂಥ ಜಂಬರದ ಮನೆಗಳಲ್ಲಿ ಐವತ್ತು ಎಲೆಗೆ ಒಬ್ಬಳೇ ಬಡಿಸಿದವಳು. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರಿಬ್ಬರಿಗೆ ಒಂದೇ ಆಸೆ: ಆ ದೊಡ್ಡ ಮನುಷ್ಯರು ಒಂದು ದಿನ ನಮ್ಮ ಚಾವಡಿಯಲ್ಲಿ ಕೂತು ಉಣ್ಣಬೇಕು. ಆಸೆ ಅವರಿಬ್ಬರದ್ದು ಎಂದು ಬರೆದೆ. ನನ್ನದೂ ಹೌದು. ನಾನು ಎಂಥ ಕೆಲಸ ಮಾಡುತ್ತೇನೆ ಎಂದು ಊರಿಗೆ ತೋರಿಸಲು ನನ್ನ ಬಳಿ ಬೇರೆ ಏನೂ ಇರಲಿಲ್ಲ.

ಡೈರಿ ಪ್ರಕಾರ ಅಣ್ಣನ ಕಾರು ಆಲೆಟ್ಟಿಯ ದಾರಿಯಲ್ಲಿ ಹದಿನೇಳು ಸಲ ಹೋಗಿದೆ. ಹದಿನೇಳೂ ಸಲ ಅಣ್ಣ ಗದ್ದೆಯಾಚೆ ಕಾಣುವ ನಮ್ಮ ಹಂಚಿನ ಮಾಡನ್ನು ನೋಡಿ, "ನಿನ್ನ ಮನೆಗೆ ಒಮ್ಮೆ ಬರ್ಬೇಕು ಮಾರಾಯ," ಎಂದಿದ್ದಾರೆ. ಒಮ್ಮೆ ಮಾತ್ರ ಕಾರು ನಿಂತಿತು. ಅಮ್ಮ ಓಡಿ ಬಂದು ಕಿಟಕಿಯಲ್ಲಿ ಎಳನೀರು ಕೊಟ್ಟಳು. ಅಣ್ಣ ಕಾರಿನಲ್ಲೇ ಕೂತು ಕುಡಿದು, ಕೈ ಮುಗಿದು, ಹೋಗೋಣ ಎಂದರು.

ಆ ರಾತ್ರಿ ಅತ್ತಿಗೆ ಕೇಳಿದಳು: "ನಿಮ್ಮ ಅಣ್ಣನ ಕಾಲಿಗೆ ಎಂತಾದ್ರೂ ಆಗಿದೆಯಾ? ಕಾರಿಂದ ಇಳಿಯುದಿಲ್ಲ ಅಲ್ವಾ, ಅದಕ್ಕೆ ಕೇಳಿದ್ದು."

ನನ್ನ ಮನೆಯ ಹೆಸರನ್ನು ನಾನೇ ಪಟ್ಟಿಗೆ ಹಾಕಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಆದರೆ ಊಟ ಹಂಚುವವನು ತನ್ನ ಎಲೆಗೆ ತಾನೇ ಬಡಿಸಿಕೊಳ್ಳುವುದು ನಮ್ಮ ಕಡೆ ಮರ್ಯಾದೆ ಅಲ್ಲ. ಅವರಾಗಿ ಹೇಳಬೇಕು. ಅವರು ಹೇಳಲಿಲ್ಲ.

ಸಂದೇಶ ಸೇರಿ ಎರಡು ವರ್ಷವಾಗಿತ್ತು. ಕಡಬದ ಬದಿಯಲ್ಲಿ ಒಂದು ಯಂತ್ರ ಮೇಳ. ಮರ ಹತ್ತುವ ಯಂತ್ರ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಅಡಿಕೆ ಸುಲಿಯುವ ಯಂತ್ರ, ಎಲ್ಲ ಬಂದಿತ್ತು. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನ ಮೂರಕ್ಕೆ ಬೆಳೆಗಾರರ ಜೊತೆ ಸಂವಾದ. ನಡುವಿನ ಊಟಕ್ಕೆ ನಾನು ಅದೇ ಊರಿನ ಒಬ್ಬ ಅಲ್ಲಾಡುವ ಕೃಷಿಕರ ಮನೆ ಬರೆದಿದ್ದೆ. ಅಣ್ಣ ಪಟ್ಟಿ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದರು. "ಪೆರಾಬೆಗೆ ಹೋಗುವ. ಸಂದೇಶನ ಮನೆಗೆ," ಎಂದರು.

ನನ್ನ ಪಟ್ಟಿಯಲ್ಲಿ ಅವರು ಸ್ವಂತ ಕೈಯಿಂದ ಊಟದ ಮನೆ ಬದಲಿಸಿದ್ದು ಅದೊಂದೇ ಸಲ.

ಕೆಲಸ ಕೆಲಸವೇ. ಸಂದೇಶನ ತಾಯಿಗೆ ನಾನೇ ಫೋನು ಮಾಡಿದೆ. ಅಣ್ಣ ಬದನೆ ಮುಟ್ಟುವುದಿಲ್ಲ, ಖಾರ ಕಡಿಮೆ ಇರಲಿ, ಕುಚ್ಚಲಕ್ಕಿ ಅನ್ನವೇ ಆಗಬೇಕು, ಎಳೆ ಬಿದಿರಿನ ಕಣಿಲೆ ಎಂದರೆ ಇಷ್ಟ, ನೀರ್ದೋಸೆಗೆ ಕೋಳಿ ಸಾರು ತೆಳ್ಳಗೆ ಇರಬೇಕು. ವರ್ಷಗಟ್ಟಲೆ ನಾನು ಬೇರೆ ಬೇರೆ ಚಾವಡಿಗಳ ಮೂಲೆಯಲ್ಲಿ ನಿಂತು ನೋಡಿ ತಿಳಿದದ್ದನ್ನೆಲ್ಲ ಆ ಹೆಂಗಸಿಗೆ ಒಂದು ಫೋನಿನಲ್ಲಿ ಒಪ್ಪಿಸಿದೆ. ಆಕೆ ಪಾಪ, ಎಲ್ಲವನ್ನೂ ಎರಡೆರಡು ಸಲ ಕೇಳಿಕೊಂಡು, ನೀವೂ ಬರ್ತೀರಲ್ಲ ಮಗಾ ಎಂದರು. ಬರುತ್ತೇನೆ ಎಂದೆ.

ಹೋಗಲಿಲ್ಲ. ಅಣ್ಣ ಊಟಕ್ಕೆ ಹೋದಾಗ ನಾನು ಮುಂದಿನ ಸಭೆಯ ಜಾಗಕ್ಕೆ ಹೋಗಿ ಮೈಕು, ಕುರ್ಚಿ ನೋಡುವುದು ನಮ್ಮ ಕ್ರಮ. ಕೆಲವೊಮ್ಮೆ ಬಿಟ್ಟದ್ದೂ ಉಂಟು. ಆ ದಿನ ಬಿಡಲಿಲ್ಲ. ಅರ್ಧ ದಾರಿಯಲ್ಲಿ ಕಾರಿಳಿದು, ಕಾರ್ಯಕರ್ತನೊಬ್ಬನ ಬೈಕಿನಲ್ಲಿ ಮೇಳದ ಮೈದಾನಕ್ಕೆ ವಾಪಸು ಬಂದು, ಹೋಟೆಲಿನಲ್ಲಿ ಗೋಳಿಬಜೆ ತಿಂದೆ. ಅಷ್ಟರಲ್ಲಿ ಮೊಬೈಲಿಗೆ ಫೋಟೋ ಬಂತು. ಸಂದೇಶನ ಮನೆಯ ಚಾವಡಿ. ಅಣ್ಣ ನೆಲದ ಮೇಲೆ, ಬಾಳೆ ಎಲೆಯ ಮುಂದೆ. ಪಕ್ಕದಲ್ಲಿ ಸಂದೇಶ. ಅವನ ತಾಯಿ ಬಗ್ಗಿ ಬಡಿಸುತ್ತಿದ್ದಾರೆ. ಎಲೆಯಲ್ಲಿ ಆಗಲೇ ಅರ್ಧ ಉಂಡಾಗಿದೆ, ಆದರೂ ಅಣ್ಣ ಎಲೆಯ ಮೇಲೆ ಕೈ ಅಡ್ಡ ಹಿಡಿದಿಲ್ಲ. ಸಾಮಾನ್ಯವಾಗಿ ಎರಡನೇ ಸಲ ಬಡಿಸಲು ಬಂದರೆ ಅವರು ಕೈ ಅಡ್ಡ ಹಿಡಿಯುತ್ತಾರೆ. ಕೆಳಗೆ "ಮನೆಮಗನ ಮನೆಯಲ್ಲಿ" ಎಂದು ಬರೆದಿತ್ತು.

ನಾನು ಮನೆಗೆ ತಲುಪುವ ಮೊದಲೇ ಆ ಫೋಟೋ ತಲುಪಿತ್ತು. ಅತ್ತಿಗೆ ಕೊಂಕು ಮಾತು ಏನೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಅರೆಭಾಷೆಯಲ್ಲಿ ಒಂದು ಮಾತು ಕೇಳಿದಳು. ಆ ಹುಡುಗ ನಿನಗಿಂತ ಮೊದಲು ಸೇರಿದವನಾ, ಎಂದು. ಅಲ್ಲ ಎಂದೆ. ಕನ್ನಡಕ ತೆಗೆದು ಒಳಗೆ ಹೋದಳು.

ಆ ಮೇಲಿನ ಕೆಲವು ತಿಂಗಳು ನಾನು ಸಂದೇಶನ ಜೊತೆ ಮಾತಾಡಿದ್ದು ಸಮಯ, ಸ್ಥಳ ಇಷ್ಟನ್ನೇ. ಅವನಿಗೆ ಗೊತ್ತಾಗಿರಬೇಕು. ಒಮ್ಮೆ ಬೆಳ್ಳಾರೆಯ ಪೆಟ್ರೋಲ್ ಬಂಕಿನಲ್ಲಿ, "ಎಂತ ದಿನೇಶಣ್ಣ, ನನ್ನ ಅಮ್ಮ ಕೇಳ್ತಾ ಇದ್ರು. ನಿಮ್ಮ ಎಲೆ ಹಾಗೇ ಉಳಿಯಿತಂತೆ," ಎಂದ. ಅದು ತಮಾಷೆಯೋ ಪ್ರೀತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಟಯರಿಗೆ ಗಾಳಿ ನೋಡಬೇಕು ಎಂದು ಆಚೆ ಹೋದೆ.

ಚುನಾವಣೆ ಹತ್ತಿರ ಬಂತು. ಒಂದು ಬೆಳಿಗ್ಗೆ ಸಂದೇಶ ಕಾರಿಗೆ ಬರಲಿಲ್ಲ. ಸಂಜೆ ಹೊತ್ತಿಗೆ ಅವನು ಆಚೆ ಪಕ್ಷದ ವೇದಿಕೆಯಲ್ಲಿ ಕಂಡ. ಮರುವಾರ ಅವರ ನಿಧಿಯ ಏಲಂ ಕೂಗಿದ. ಕುಂಬಳಕಾಯಿ, ಫೋನು, ಒಂದೇ ರಿಂಗು. ಅದೇ ಮಾತು, ಅಣ್ಣನ ಜಾಗದಲ್ಲಿ ಬೇರೆ ಹೆಸರು. ಜನ ಅಷ್ಟೇ ನಕ್ಕರಂತೆ.

ನಾನು ಕಾರಿನ ಹಿಂದಿನ ಸೀಟಿಗೆ ಮರಳಿದೆ. ಆ ದಿನಗಳಲ್ಲಿ ಒಮ್ಮೆ ಕಾರನ್ನು ಸರ್ವಿಸಿಗೆ ಕೊಂಡೊಯ್ಯುವಾಗ ನಾನು ಲೋಕಣ್ಣನ ಹತ್ತಿರ ಮನಸ್ಸು ಬಿಚ್ಚಿದೆ. ಉಂಡ ಮನೆಯವನೇ ಕೈಕೊಟ್ಟನಲ್ಲ, ಅಣ್ಣನಿಗೆ ಎಷ್ಟು ನೋವಾಗಿರಬೇಡ ಎಂದೆ. ಲೋಕಣ್ಣ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ.

"ಅವನು ಅಲ್ಲಾಡ್ತಾ ಇದ್ದದ್ದು ಅಣ್ಣನಿಗೆ ಆವತ್ತೇ ಗೊತ್ತಿತ್ತು ಮಾರಾಯ," ಎಂದ. "ಅದಕ್ಕೇ ಅಲ್ವಾ ಉಂಡದ್ದು. ಒಂದು ಪ್ರಯತ್ನ ಮಾಡಿ ನೋಡಿದ್ರು. ಅವನು ನಿಲ್ಲಲಿಲ್ಲ. ಪಟ್ಟಿ ಮಾಡುವವ ನೀನು, ನಿಂಗೆ ಗೊತ್ತಾಗ್ಲಿಲ್ವಾ?"

ನನಗೆ ಗೊತ್ತಾಗಿರಲಿಲ್ಲ. ಆ ಲೆಕ್ಕ ಹೊರಗಿನವರಿಗೆ, ನಮಗಲ್ಲ ಎಂದು ತಿಳಿದಿದ್ದೆ. ಕಾರು ಬೈಪಾಸಿನಲ್ಲಿ ಹೋಗುತ್ತಿತ್ತು. ನನಗೆ ಸಮಾಧಾನ ಆಗಬೇಕಿತ್ತು, ಯಾಕೆಂದರೆ ಆ ಊಟ ಪ್ರೀತಿಯ ಊಟ ಅಲ್ಲ. ಆಗಲಿಲ್ಲ. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ, ಈ ದಿನೇಶ ಬಿಟ್ಟು ಹೋದಾನು ಎಂದು ಅಣ್ಣನಿಗೆ ಅನಿಸಿದ್ದಿದ್ದರೆ ಅಮ್ಮ ಒಂದು ಎಲೆ ಹಾಕುತ್ತಿದ್ದಳು. ಆ ಸಂಶಯವೂ ಸಂದೇಶನಿಗೇ ಸಿಕ್ಕಿತು.

ಆ ಸಲ ಅಣ್ಣನಿಗೆ ಟಿಕೆಟ್ ಸಿಗಲಿಲ್ಲ. ವಯಸ್ಸಾಯಿತು, ಇನ್ನು ಸಾಕು ಎಂದು ಅವರೇ ಪತ್ರಿಕೆಯವರನ್ನು ಕರೆದು ಹೇಳಿದರು. ಕಚೇರಿ ಖಾಲಿ ಮಾಡುವ ದಿನ ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅಣ್ಣ, ನೀವು ನಮ್ಮ ಮನೆಯಲ್ಲಿ ಒಮ್ಮೆಯೂ ಯಾಕೆ ಉಣ್ಣಲಿಲ್ಲ?

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ಕೈಯಲ್ಲಿದ್ದ, ಯಾವುದೋ ಸಭೆಯಲ್ಲಿ ಹಾರ ಹಾಕಿಸಿಕೊಂಡ ಫೋಟೋ ಕೆಳಗಿಟ್ಟರು. "ನಿನ್ನ ಮನೆಯಲ್ಲಿ ಉಣ್ಣುವ ಅಗತ್ಯ ನಂಗೆ ಯಾವತ್ತು ಬಂದದ್ದುಂಟು ದಿನೇಶ?" ಎಂದರು.

ಅವರು ಅದನ್ನು ಬಹುಮಾನ ಕೊಟ್ಟ ಹಾಗೆ ಹೇಳಿದರು. ನನ್ನ ಹೆಗಲ ಮೇಲೆ ಕೈಯನ್ನೂ ಇಟ್ಟರು. ನಾನು ಆ ಫೋಟೋವನ್ನು ಎತ್ತಿ ಪೆಟ್ಟಿಗೆಗೆ ಹಾಕುವಾಗ, ಇನ್ನು ಬರುತ್ತೇನೆ, ಈಗ ಎಂತ ಕೆಲಸ ಇದೆ ನನಗೆ ಎಂದರು. ಹದಿನೇಳು ಸಲ ಕೇಳಿದ ಮಾತು. ಈ ಸಲ ನಾನು ಬಿಡಲಿಲ್ಲ. "ದಿನ ಹೇಳಿ ಅಣ್ಣ," ಎಂದೆ.

"ದಿನ ನೀನೇ ಹಾಕು. ಯಾವಾಗಲೂ ನೀನೇ ಅಲ್ವಾ ಹಾಕುದು."

ಹಾಕಿದ್ದೇನೆ. ಅಣ್ಣನಿಗೂ ತಿಳಿಸಿದ್ದೇನೆ, ಒಪ್ಪಿದ್ದಾರೆ. ಲೋಕಣ್ಣ ಈಗ ಸ್ವಂತ ರಿಕ್ಷಾ ಓಡಿಸುತ್ತಾನೆ; ಅವನೇ ಕರೆದುಕೊಂಡು ಬರುತ್ತಾನೆ. ಅಮ್ಮ ಈಗಲೇ ಚಾವಡಿ ಗುಡಿಸಿ ಒರೆಸಲು ಶುರು ಮಾಡಿದ್ದಾಳೆ. ಅತ್ತಿಗೆ, ಅಧಿಕಾರ ಇಲ್ಲದವರಿಗೂ ಉಪ್ಪು ಅಷ್ಟೇ ಹಾಕುದಲ್ವಾ ಎಂದು ನಗುತ್ತಾಳೆ, ಆದರೆ ಏನು ಮಾಡಬೇಕು ಎಂದು ದಿನಕ್ಕೆ ಎರಡು ಸಲ ಕೇಳುತ್ತಾಳೆ. ಕಣಿಲೆ, ತೆಳ್ಳಗಿನ ಕೋಳಿ ಸಾರು, ನೀರ್ದೋಸೆ ಎಂದು ನಾನು ಹೇಳಬಲ್ಲೆ. ಅದನ್ನು ನಾನು ಹತ್ತಾರು ಮನೆಗಳಿಗೆ ಹೇಳಿದ್ದೇನೆ, ಪೆರಾಬೆಗೂ ಹೇಳಿದ್ದೇನೆ. ಎಲ್ಲ ಮನೆಗಳಲ್ಲಿ ಅಣ್ಣ ಅದನ್ನು ಒಂದೇ ಸಲ ಹಾಕಿಸಿಕೊಂಡವರು.

ಸಂದೇಶನ ತಾಯಿ ನಾನು ಹೇಳದ ಏನನ್ನೋ ಮಾಡಿದ್ದರು. ಆ ದಿನ ಲೋಕಣ್ಣ ಹೊರಗಿನ ಜಗಲಿಯಲ್ಲಿ ಉಂಡವನು. ಒಳಗೆ ಏನು ಬಡಿಸಿದರು ಅವನಿಗೆ ಗೊತ್ತಿಲ್ಲ. ಅಣ್ಣನನ್ನು ಕೇಳಿದರೆ, ಎಲ್ಲ ಒಳ್ಳೆದಿತ್ತು ಮಾರಾಯ, ನೆನಪಿಲ್ಲ ಎನ್ನುತ್ತಾರೆ. ಸಂದೇಶನನ್ನು ನಾನು ಕೇಳುವುದಿಲ್ಲ. ಆ ಫೋಟೋವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದೇನೆ. ಬಡಿಸುವ ಪಾತ್ರೆ ತಾಯಿಯ ಸೆರಗಿಗೆ ಮರೆಯಾಗಿದೆ.

ಆ ಪಂಕ್ತಿಯಲ್ಲಿ ಹನ್ನೊಂದು ಎಲೆಗಳು ಕಾಣುತ್ತವೆ. ಆ ಎಲೆಗಳ ಮುಂದೆ ಕೂತವರಲ್ಲಿ ಯಾರಾದರೂ, ಅಥವಾ ಅಂದು ಅಡುಗೆಗೆ ಕೈಜೋಡಿಸಿದವರು ಯಾರಾದರೂ ಇದನ್ನು ಓದಿದರೆ, ಅಣ್ಣ ಎರಡನೇ ಸಲ ಹಾಕಿಸಿಕೊಂಡದ್ದು ಏನನ್ನು ಎಂದು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಮಾಡುವ ಕ್ರಮವೂ ಗೊತ್ತಿದ್ದರೆ ಅದನ್ನೂ ಬರೆಯಿರಿ. ಇದು ಅಚ್ಚಾಗಿ, ನಿಮ್ಮ ಕೈಗೆ ಸಿಕ್ಕಿ, ಉತ್ತರ ಬರಬೇಕಲ್ಲ, ಅದಕ್ಕೆ ಊಟದ ದಿನವನ್ನು ಮುಂದಿನ ತಿಂಗಳ ಕೊನೆಯ ಭಾನುವಾರಕ್ಕೆ ಹಾಕಿದ್ದೇನೆ.